ಹೆಸರಿಗೂ ಇಸವಿಗೂ ನಡುವೆ: ಲೇಟೆಕ್ ಗ್ರಂಥಸೂಚಿಯ ಲೇಖನಚಿಹ್ನೆಗಳನ್ನು ಕುರಿತು

ಸಂಶೋಧನ ಪ್ರಬಂಧವೊಂದನ್ನು ಓದುವವರು ಅದರ ವಾದಸರಣಿಯನ್ನು ಗಮನಿಸುವರು, ಆಧಾರಗಳನ್ನು ತೂಗಿ ನೋಡುವರು. ಆದರೆ ಆಕರಗ್ರಂಥದ ಕರ್ತೃವಿನ ಹೆಸರಿಗೂ ಪ್ರಕಟನೆಯ ಇಸವಿಗೂ ನಡುವೆ ಅಲ್ಪವಿರಾಮವಿದೆಯೆ ಅಥವಾ ಬರಿಯ ತೆರಪು ಇದೆಯೆ ಎಂಬುದನ್ನು ನಿಂತು ನೋಡುವವರು ವಿರಳ. ನೋಡಬೇಕಾದ ಪ್ರಸಂಗ ಬಾರದಿರುವುದೇ ಒಳ್ಳೆಯ ಮುದ್ರಣದ ಗುಣವೆನ್ನಬಹುದು. ಆದರೆ ಪ್ರಬಂಧವನ್ನು ಬರೆದು ಅಚ್ಚಿಗೆ ಅಣಿಗೊಳಿಸುವವರಿಗೆ ಈ ನೆಮ್ಮದಿಯಿಲ್ಲ. ಹಿಂದೆ ಮೊಳೆ ಜೋಡಿಸುವವನೂ ಕರಡು ತಿದ್ದುವವನೂ ಹೊರುತ್ತಿದ್ದ ಈ ಭಾರವನ್ನು ಇಂದು ಗಣಕಯಂತ್ರದ ಮುಂದೆ ಕುಳಿತ ಲೇಖಕನೇ ಹೊರಬೇಕಾಗಿದೆ. ವಿಜ್ಞಾನ, ಗಣಿತ, ಭಾಷಾಶಾಸ್ತ್ರ ಮೊದಲಾದ ಕ್ಷೇತ್ರಗಳಲ್ಲಿ ಬಹುಮಂದಿ ಬಳಸುವ ಲೇಟೆಕ್ ಎಂಬ ಅಕ್ಷರಸಂಯೋಜನ ವ್ಯವಸ್ಥೆಯಲ್ಲಿ ಈ ಭಾರದ ಸ್ವರೂಪವೇನು, ಅದನ್ನು ಹಗುರ ಮಾಡಲು ಹುಟ್ಟಿದ ಉಪಕರಣಗಳು ಲೇಖನಚಿಹ್ನೆಯ ಅರ್ಥವನ್ನು ಎಷ್ಟರಮಟ್ಟಿಗೆ ಗ್ರಹಿಸಿವೆ, ಕನ್ನಡ ವಾಕ್ಯದ ಮುಂದೆ ಅವು ಎಲ್ಲಿ ತಡವರಿಸುತ್ತವೆ ಎಂಬುದು ವಿಮರ್ಶೆಗೆ ಯೋಗ್ಯವಾದ ವಿಷಯ.

ಕರ್ತೃವಿನ ಹೆಸರನ್ನೂ ಇಸವಿಯನ್ನೂ ಕಂಸದಲ್ಲಿಟ್ಟು ವಾಕ್ಯದೊಳಗೇ ಆಕರವನ್ನು ಸೂಚಿಸುವ ಪದ್ಧತಿ ಬಹಳ ಹಳೆಯದೇನೂ ಅಲ್ಲ. ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬವರು ೧೮೮೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದು ಮೊದಲು ಕಾಣಿಸಿಕೊಂಡಿತೆಂದು ಹೇಳುವುದು ವಾಡಿಕೆ. ಆ ಪ್ರಬಂಧದ ವಸ್ತು ಚಿಪ್ಪಿಲ್ಲದ ಬಸವನಹುಳುವಿನ ತತ್ತಿ. ಇಂದು ಅಲಂಕಾರಶಾಸ್ತ್ರದ ಪ್ರಬಂಧಗಳಲ್ಲಿಯೂ ಕಾಣುವ ಆ ಪುಟ್ಟ ಕಂಸದ ಹುಟ್ಟು ಅಂತಹ ಕಡೆಯಿಂದ ಬಂದುದೆಂಬುದು ಸ್ವಾರಸ್ಯದ ಸಂಗತಿ. ಕಂಸದೊಳಗಿನ ಚಿಹ್ನೆಗಳು ಮಾತ್ರ ಪತ್ರಿಕೆಯಿಂದ ಪತ್ರಿಕೆಗೆ, ಶಾಸ್ತ್ರದಿಂದ ಶಾಸ್ತ್ರಕ್ಕೆ ಭಿನ್ನವಾಗಿಯೇ ಬೆಳೆದುವು: ಒಬ್ಬರಿಗೆ ದುಂಡು ಕಂಸ, ಇನ್ನೊಬ್ಬರಿಗೆ ಚೌಕ ಕಂಸ, ಎರಡು ಆಕರಗಳ ನಡುವೆ ಒಬ್ಬರಿಗೆ ಅರ್ಧವಿರಾಮ, ಇನ್ನೊಬ್ಬರಿಗೆ ಅಲ್ಪವಿರಾಮ. ಪ್ರಬಂಧದ ತಿರುಳಿನಲ್ಲಿ ದೋಷವಿಲ್ಲದಿದ್ದರೂ ಈ ಭಿನ್ನತೆಗಳ ಕಾರಣದಿಂದ ಹಸ್ತಪ್ರತಿ ತಿದ್ದುಪಡಿಗೆಂದು ಹಿಂದಿರುಗುವುದುಂಟು.

ಡೊನಾಲ್ಡ್ ಕ್ನೂತ್ ಅವರ ಟೆಕ್ ವ್ಯವಸ್ಥೆಯ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು ಲೇಟೆಕ್ ಅನ್ನು ಕಟ್ಟಿದಾಗ ಅವರ ಮುಖ್ಯ ಸೂತ್ರವಿದ್ದುದು ಇಷ್ಟು: ಲೇಖಕನು ತನ್ನ ಬರಹದ ಅರ್ಥರಚನೆಯನ್ನು ಹೇಳಲಿ, ಅದರ ರೂಪವನ್ನು ವ್ಯವಸ್ಥೆ ನೋಡಿಕೊಳ್ಳಲಿ. ಗ್ರಂಥಸೂಚಿಗೆ ಈ ಸೂತ್ರವನ್ನು ಅನ್ವಯಿಸಿದವರು ಓರೆನ್ ಪಟಾಷ್ನಿಕ್. ೧೯೮೫ರಲ್ಲಿ ಹೊರಬಂದ ಅವರ ಬಿಬ್‌ಟೆಕ್ ಎಂಬ ಉಪಕರಣದಲ್ಲಿ ಆಕರಗಳ ವಿವರಗಳು ಒಂದು ಕಡತದಲ್ಲಿರುತ್ತವೆ. ಕರ್ತೃ, ಶೀರ್ಷಿಕೆ, ಪ್ರಕಾಶಕ, ಇಸವಿ ಎಂದು ಅಂಗಗಳು ಬೇರೆಬೇರೆಯಾಗಿ, ಯಾವ ವಿರಾಮಚಿಹ್ನೆಯೂ ಇಲ್ಲದೆ ಬರೆಯಲ್ಪಟ್ಟಿರುತ್ತವೆ. ಚಿಹ್ನೆಗಳನ್ನು ತುಂಬುವುದು ಶೈಲಿಕಡತವೆಂಬ ಮತ್ತೊಂದರ ಕೆಲಸ.

ಈ ಶೈಲಿಕಡತದ ಭಾಷೆ ಒರಟಾದುದು. ಪದಾರ್ಥಗಳನ್ನು ಮೊದಲು ಒಂದರ ಮೇಲೊಂದು ಪೇರಿಸಿ, ಕ್ರಿಯೆಯನ್ನು ಕೊನೆಯಲ್ಲಿ ಹೇಳುವ ಕ್ರಮ ಅದರದು. ಕ್ರಿಯಾಪದವನ್ನು ಕೊನೆಗಿಡುವುದು ಕನ್ನಡಿಗರಿಗೆ ಹೊಸತಲ್ಲವಾದರೂ ಆ ಕಡತವನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಕನ್ನಡಿಗರು ಬಹುಮಂದಿ ಇರಲಾರರು. ಆದರೆ ಆ ಒರಟುತನದೊಳಗೆ ಒಂದು ಸೂಕ್ಷ್ಮದೃಷ್ಟಿ ಅಡಗಿದೆಯೆಂಬುದನ್ನು ಒಪ್ಪಬೇಕು. ಸೂಚಿಯ ಪ್ರತಿಯೊಂದು ನಮೂದನ್ನೂ ಪಟಾಷ್ನಿಕ್ ಅವರು ಒಂದು ಸಣ್ಣ ಗದ್ಯಖಂಡವೆಂದು ಭಾವಿಸಿದರು. ಏನೂ ಅಚ್ಚಾಗುವ ಮುನ್ನ, ವಾಕ್ಯದ ನಡುವೆ, ವಾಕ್ಯ ಮುಗಿದ ಮೇಲೆ, ಖಂಡ ಮುಗಿದ ಮೇಲೆ ಎಂದು ನಾಲ್ಕು ಸ್ಥಿತಿಗಳನ್ನು ಕಲ್ಪಿಸಿದರು. ವಾಕ್ಯದ ನಡುವೆ ಇನ್ನೊಂದು ಅಂಗ ಬಂದರೆ ಅಲ್ಪವಿರಾಮ ಬೀಳುತ್ತದೆ. ವಾಕ್ಯವೋ ಖಂಡವೋ ಮುಗಿದಿದ್ದರೆ ಪೂರ್ಣವಿರಾಮ ಬೀಳುತ್ತದೆ. ಹಿಂದಿನ ಅಂಗ ಆಗಲೇ ಬಿಂದುವಿನಲ್ಲಿಯೋ ಪ್ರಶ್ನಾರ್ಥಕದಲ್ಲಿಯೋ ಆಶ್ಚರ್ಯಸೂಚಕದಲ್ಲಿಯೋ ಮುಗಿದಿದ್ದರೆ ಪೂರ್ಣವಿರಾಮವನ್ನು ಮತ್ತೆ ಹಾಕಬಾರದೆಂಬ ಎಚ್ಚರವೂ ಅದಕ್ಕೆ ಉಂಟು. ಇದು ಚಿಹ್ನೆಗಳ ಪಟ್ಟಿಯಲ್ಲ, ಚಿಕ್ಕದೊಂದು ವ್ಯಾಕರಣ. ಆದರೆ ಆ ಎಚ್ಚರ ಕೊನೆಯ ಅಕ್ಷರವೊಂದನ್ನೇ ನೋಡುತ್ತದೆ. ಶೀರ್ಷಿಕೆಯನ್ನು ಉದ್ಧರಣಚಿಹ್ನೆಯಲ್ಲಿಟ್ಟು ಅದರೊಳಗೆ ಪ್ರಶ್ನಾರ್ಥಕವಿದ್ದರೆ ಕೊನೆಯ ಅಕ್ಷರ ಉದ್ಧರಣಚಿಹ್ನೆಯಾಗಿಬಿಡುತ್ತದೆ. ಪ್ರಶ್ನೆಯಾಗಿ ಮುಗಿದ ಶೀರ್ಷಿಕೆಯ ಮೇಲೆ ಮತ್ತೊಂದು ಬಿಂದು ಬಂದು ಕೂರುತ್ತದೆ.

ಈ ವ್ಯವಸ್ಥೆಯ ನಿಜವಾದ ದೋಷ ಬೇರೆ. ಒಂದು ಅಲ್ಪವಿರಾಮವನ್ನು ತೆಗೆಯಬೇಕೆನ್ನುವ ಲೇಖಕನು ಇಡೀ ಶೈಲಿಕಡತವನ್ನೇ ತಿದ್ದಬೇಕಾಗಿತ್ತು. ಅಷ್ಟು ಸಾಹಸಕ್ಕೆ ಹೋಗಲಾರದವರು ಉಪಕರಣ ಹೊರಡಿಸಿದ ಸಿದ್ಧ ಸೂಚಿಯನ್ನು ಕೈಯಿಂದ ತಿದ್ದುತ್ತಿದ್ದರು. ಮರುದಿನ ಬಿಬ್‌ಟೆಕ್ ಅನ್ನು ಮತ್ತೊಮ್ಮೆ ಓಡಿಸಿದಾಗ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತಿದ್ದುವು.

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರಲ್ಲಿದ್ದ ಪ್ಯಾಟ್ರಿಕ್ ಡಾಲಿ ಅವರು ಈ ಕಷ್ಟಕ್ಕೆ ಎರಡು ದಾರಿಗಳನ್ನು ತೋರಿದರು. ಒಂದು, ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಉತ್ತರಗಳಿಗೆ ತಕ್ಕ ಶೈಲಿಕಡತವನ್ನು ತಾನೇ ಹೆಣೆದುಕೊಡುವ ಉಪಕರಣ. ಇನ್ನೊಂದು, ನ್ಯಾಟ್‌ಬಿಬ್ ಎಂಬ ಪ್ರಸಿದ್ಧ ಪರಿಕರ. ಅದರಲ್ಲಿ ‘ಬಿಬ್‌ಪಂಕ್ಟ್’ ಎಂಬ ಒಂದು ಆಜ್ಞೆಯುಂಟು; ಅದಕ್ಕೆ ಆರು ಸ್ಥಾನಗಳು. ತೆರೆಯುವ ಕಂಸ, ಮುಚ್ಚುವ ಕಂಸ, ಆಕರ ಆಕರಗಳ ನಡುವಣ ಚಿಹ್ನೆ, ಉಲ್ಲೇಖ ಇಸವಿಯಿಂದಲೋ ಸಂಖ್ಯೆಯಿಂದಲೋ ಎಂಬ ಸೂಚನೆ, ಹೆಸರಿಗೂ ಇಸವಿಗೂ ನಡುವಣ ಚಿಹ್ನೆ, ಒಬ್ಬನೇ ಕರ್ತೃವಿನ ಎರಡು ಇಸವಿಗಳ ನಡುವಣ ಚಿಹ್ನೆ. ಐದನೆಯ ಸ್ಥಾನವನ್ನು ಬರಿದಾಗಿ ಬಿಟ್ಟರೆ ಹೆಸರಿನ ಮುಂದಿನ ಅಲ್ಪವಿರಾಮ ಮಾಯವಾಗುತ್ತದೆ. ನೂರಾರು ಸಾಲುಗಳ ಶೈಲಿಕಡತವನ್ನು ಕೆದಕಿ ಸಾಧಿಸಬೇಕಾದುದು ಒಂದೇ ಸಾಲಿನಲ್ಲಿ ಸಾಧ್ಯವಾಯಿತು. ಆದರೆ ಆರು ಸ್ಥಾನಗಳಲ್ಲಿ ಯಾವುದು ಯಾವುದೆಂಬುದು ಕ್ರಮದಿಂದ ಮಾತ್ರ ಗೊತ್ತಾಗುತ್ತದೆ. ವರ್ಷದ ಬಳಿಕ ತನ್ನದೇ ಕಡತವನ್ನು ತೆರೆದವನು ಮೂರನೆಯದಾವುದು, ಐದನೆಯದಾವುದು ಎಂದು ಬೆರಳೆಣಿಸಬೇಕು. ಮುಂದೆ ಅದೇ ನ್ಯಾಟ್‌ಬಿಬ್‌ಗೆ ಸೇರಿದ ‘ಸೆಟ್‌ಸೈಟ್‌ಸ್ಟೈಲ್’ ಎಂಬ ಆಜ್ಞೆ ಸ್ಥಾನಗಳಿಗೆ ಬದಲಾಗಿ ಹೆಸರುಗಳನ್ನು ಕೊಟ್ಟಿತು. ಅದು ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ.

ಆ ದಿಕ್ಕಿನಲ್ಲಿ ಬಹುದೂರ ಹೋದವರು ಫಿಲಿಪ್ ಲೇಮನ್. ೨೦೦೬ರಲ್ಲಿ ಮೊದಲು ಕಾಣಿಸಿಕೊಂಡು ೨೦೧೦ರಲ್ಲಿ ಒಂದನೆಯ ಪೂರ್ಣ ಆವೃತ್ತಿಯನ್ನು ತಲುಪಿದ ಅವರ ಬಿಬ್‌ಲೇಟೆಕ್‌ನಲ್ಲಿ ಚಿಹ್ನೆ ಮುಖ್ಯವಲ್ಲ, ಚಿಹ್ನೆ ಬೀಳುವ ಸ್ಥಾನ ಮುಖ್ಯ. ಹೆಸರಿಗೂ ಇಸವಿಗೂ ನಡುವಿನ ಸ್ಥಾನಕ್ಕೆ ‘ನೇಮ್‌ಇಯರ್‌ಡೆಲಿಮ್’ ಎಂದು ಹೆಸರು. ಉಲ್ಲೇಖ ಉಲ್ಲೇಖಗಳ ನಡುವೆ ‘ಮಲ್ಟಿಸೈಟ್‌ಡೆಲಿಮ್’. ಪುಟಸಂಖ್ಯೆಯ ಮುನ್ನ ‘ಪೋಸ್ಟ್‌ನೋಟ್‌ಡೆಲಿಮ್’. ಕರ್ತೃಗಳಲ್ಲಿ ಕಡೆಯವನ ಹೆಸರಿನ ಮುನ್ನ ‘ಫೈನಲ್‌ನೇಮ್‌ಡೆಲಿಮ್’. ನಮೂದಿನ ಅಂಗ ಅಂಗಗಳ ನಡುವೆ ‘ನ್ಯೂಯುನಿಟ್‌ಪಂಕ್ಟ್’. ‘ಡಿಕ್ಲೇರ್‌ಡೆಲಿಮ್‌ಫಾರ್ಮ್ಯಾಟ್’ ಎಂಬ ಆಜ್ಞೆಯಿಂದ ಒಂದೇ ಸ್ಥಾನಕ್ಕೆ ಕಂಸದೊಳಗೆ ಒಂದು ಚಿಹ್ನೆಯನ್ನೂ ವಾಕ್ಯದೊಳಗೆ ಮತ್ತೊಂದನ್ನೂ ಸೂಚಿಯಲ್ಲಿ ಮೂರನೆಯದನ್ನೂ ನಿಯಮಿಸಬಹುದು. ರೂಪದ ಗೊಡವೆ ಲೇಖಕನಿಗೆ ಬೇಡವೆಂದ ಲ್ಯಾಂಪೋರ್ಟ್ ಅವರ ಸೂತ್ರಕ್ಕೆ ಇದು ವಿರುದ್ಧವೆಂದು ತೋರಬಹುದು. ವಾಸ್ತವವಾಗಿ ಇದೇ ಆ ಸೂತ್ರದ ನೆರವೇರಿಕೆ. ಇಲ್ಲಿ ಲೇಖಕನು ಅಲ್ಪವಿರಾಮವನ್ನು ಹಾಕುವುದಿಲ್ಲ. ಹೆಸರಿಗೂ ಇಸವಿಗೂ ಇರುವ ಸಂಬಂಧವನ್ನು ಅಲ್ಪವಿರಾಮದಿಂದ ಸೂಚಿಸಬೇಕೆಂದು ವಿಧಿಸುತ್ತಾನೆ.

ಬಿಂದುವಿನ ವಿಷಯದಲ್ಲಿ ಲೇಮನ್ ಅವರ ವಿವೇಕ ವಿಶೇಷವಾಗಿ ಮೆಚ್ಚತಕ್ಕದ್ದು. ವಾಕ್ಯವನ್ನು ಮುಗಿಸುವ ಬಿಂದು ಬೇರೆ, ಪದವನ್ನು ಸಂಕ್ಷೇಪಿಸಿದುದರ ಗುರುತಾದ ಬಿಂದು ಬೇರೆ. ಕಾಗದದ ಮೇಲೆ ಎರಡೂ ಒಂದೇ ಚುಕ್ಕೆ. ಬಿಬ್‌ಲೇಟೆಕ್ ಅವನ್ನು ‘ಆಡ್‌ಪೀರಿಯಡ್’ ಎಂದೂ ‘ಆಡ್‌ಡಾಟ್’ ಎಂದೂ ಎರಡು ಆಜ್ಞೆಗಳಾಗಿ ಬೇರ್ಪಡಿಸಿ, ಅಚ್ಚಾದ ಚುಕ್ಕೆ ಯಾವ ಬಗೆಯದೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಸಂಕ್ಷೇಪದ ಬಿಂದುವಿನ ಮೇಲೆ ಅಲ್ಪವಿರಾಮ ಬರಬಹುದು. ವಾಕ್ಯಾಂತ್ಯದ ಬಿಂದುವಿನ ಮೇಲೆ ಬರಲಾಗದು. ಈ ಲೆಕ್ಕವೆಲ್ಲ ಆಜ್ಞೆಗಳ ಮೂಲಕ ಬಂದ ಚಿಹ್ನೆಗಳಿಗೆ ಅನ್ವಯಿಸುತ್ತದೆ. ‘ಆಡ್‌ಕಾಮಾ’ ಎಂದು ಬರೆಯಬೇಕಾದಲ್ಲಿ ಅವಸರದಿಂದ ಅಲ್ಪವಿರಾಮವನ್ನೇ ನೇರವಾಗಿ ಬರೆದವರು ಮುಂದೆ ಒಂದರ ಪಕ್ಕದಲ್ಲಿ ಇನ್ನೊಂದು ಚಿಹ್ನೆ ಬಿದ್ದುದನ್ನು ಕಂಡು ವ್ಯವಸ್ಥೆಯನ್ನು ದೂರುವುದುಂಟು. ಆ ದೂರಿನಲ್ಲಿ ಹುರುಳಿಲ್ಲ.

ಇಷ್ಟನ್ನು ಮೆಚ್ಚಿದ ಮೇಲೆ, ಇದೇ ಉಪಕರಣವನ್ನು ಕನ್ನಡ ಪ್ರಬಂಧಕ್ಕೆ ತಂದಾಗ ಆಗುವುದೇನೆಂದು ನೋಡಬೇಕು. ಮೊದಲ ಎಡರು ಹೆಸರಿನದು. ಬಿಬ್‌ಟೆಕ್ ಪರಂಪರೆಯಲ್ಲಿ ಹೆಸರಿಗೆ ನಾಲ್ಕು ಭಾಗಗಳು: ಕೊಟ್ಟ ಹೆಸರು, ‘ಫಾನ್’ ಮೊದಲಾದ ಉಪಪದ, ಮನೆತನದ ಹೆಸರು, ಕಿರಿಯ ಎಂಬ ಅರ್ಥದ ಪ್ರತ್ಯಯ. ಉಪಪದವನ್ನು ಗುರುತಿಸುವುದು ಅದು ಸಣ್ಣಕ್ಷರದಿಂದ ಮೊದಲಾಗುತ್ತದೆಂಬುದರಿಂದ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲ. ಅದೂ ಹೋಗಲಿ, ಸೂಚಿಯಲ್ಲಿ ಮನೆತನದ ಹೆಸರನ್ನು ಮುಂದೆ ತಂದು ಅಲ್ಪವಿರಾಮ ಹಾಕುವ ಪದ್ಧತಿಯನ್ನು ಗಮನಿಸಿರಿ. ‘ಬೇಂದ್ರೆ, ದ. ರಾ.’ ಎಂಬಲ್ಲಿ ಆ ಅಲ್ಪವಿರಾಮ ಸತ್ಯವನ್ನೇ ನುಡಿಯುತ್ತದೆ: ಬೇಂದ್ರೆ ಮನೆತನದ ಹೆಸರು, ದತ್ತಾತ್ರೇಯ ಅವರದು, ರಾಮಚಂದ್ರ ತಂದೆಯದು. ‘ವೆಂಕಣ್ಣಯ್ಯ, ಟಿ. ಎಸ್.’ ಎಂಬಲ್ಲಿ ಅದೇ ಅಲ್ಪವಿರಾಮ ಸುಳ್ಳಾಡುತ್ತದೆ. ವೆಂಕಣ್ಣಯ್ಯ ಎಂಬುದೇ ಕೊಟ್ಟ ಹೆಸರು; ಟಿ ಎಂಬುದು ತಳುಕು ಎಂಬ ಊರು, ಎಸ್ ಎಂಬುದು ಸುಬ್ಬಣ್ಣನೆಂಬ ತಂದೆ. ಇಲ್ಲಿ ಹಿಂದುಮುಂದಾದುದು ಏನೂ ಇಲ್ಲ. ಆದರೂ ಚಿಹ್ನೆ ಹಿಂದುಮುಂದಾಗಿದೆಯೆಂದು ಸಾರುತ್ತದೆ. ಇಂತಹ ಹೆಸರುಗಳಿಗೆ ಅಲ್ಪವಿರಾಮವನ್ನು ಬಿಟ್ಟು ‘ವೆಂಕಣ್ಣಯ್ಯ ಟಿ. ಎಸ್.’ ಎಂದು ಅಚ್ಚು ಮಾಡುವ ಸೂಚಿಗಳು ಕನ್ನಡದಲ್ಲಿವೆ. ಅವನ್ನು ಅಶಾಸ್ತ್ರೀಯವೆಂದು ತಿರಸ್ಕರಿಸುವವರು ಈ ಭೇದವನ್ನು ಯೋಚಿಸಿದಂತಿಲ್ಲ. ಬಿಬ್‌ಲೇಟೆಕ್‌ನಲ್ಲಿ ಆ ಸ್ಥಾನಕ್ಕೂ ಹೆಸರುಂಟು, ಅಲ್ಪವಿರಾಮವನ್ನು ತೆರಪಾಗಿ ಬದಲಿಸುವುದು ಒಂದು ಸಾಲಿನ ಮಾತು. ಆದರೆ ಆ ಬದಲಾವಣೆ ಬೇಂದ್ರೆಯವರಿಗೂ ವೆಂಕಣ್ಣಯ್ಯನವರಿಗೂ ಒಟ್ಟಿಗೇ ತಗಲುತ್ತದೆ.

ಹೆಸರಿನ ಮೊದಲಕ್ಷರಗಳನ್ನು ಯಂತ್ರವೇ ತೆಗೆಯಲೆಂದು ಬಿಡುವುದು ಇನ್ನೂ ಅಪಾಯಕರ. ‘ಬಿ. ಎಂ.’ ಎಂದು ಶ್ರೀಕಂಠಯ್ಯನವರ ಹೆಸರಿನ ಮುಂದಿರುವುದು ಇಂಗ್ಲಿಷ್ ಅಕ್ಷರಗಳ ಹೆಸರು, ಬೆಳ್ಳೂರು ಮೈಲಾರಯ್ಯ ಎಂಬುದರ ಕನ್ನಡ ಆದ್ಯಕ್ಷರಗಳಲ್ಲ, ‘ದ. ರಾ.’ ಎಂಬುದು ಕನ್ನಡ ಆದ್ಯಕ್ಷರಗಳೇ. ಯಾವುದಕ್ಕೆ ಯಾವ ರೂಢಿಯೆಂಬುದು ಯಾವ ನಿಯಮಕ್ಕೂ ಸಿಕ್ಕುವುದಿಲ್ಲ. ಹಳೆಯ ಬಿಬ್‌ಟೆಕ್ ಆದರೋ ಅಕ್ಷರವೆಂದರೆ ಒಂದು ಬೈಟ್ ಎಂದು ಎಣಿಸುತ್ತದೆ. ಇಂದಿನ ಸಂಕೇತಕ್ರಮದಲ್ಲಿ ‘ದ’ ಎಂಬುದೊಂದೇ ಮೂರು ಬೈಟುಗಳನ್ನು ಹಿಡಿಯುವುದರಿಂದ ಅದು ಕತ್ತರಿಸಿ ಕೊಡುವ ಚೂರು ಯಾವ ಅಕ್ಷರವೂ ಆಗಿರುವುದಿಲ್ಲ. ಬಿಬ್‌ಲೇಟೆಕ್‌ನ ಸಂಗಾತಿಯಾದ ಬೀಬರ್ ಎಂಬ ಉಪಕರಣ ಯೂನಿಕೋಡನ್ನು ಅರಿತಿರುವುದರಿಂದ ಕನ್ನಡ ಲಿಪಿಯಲ್ಲಿ ಬರೆಯುವವರು ಬಿಬ್‌ಟೆಕ್ ಅನ್ನು ಬಿಟ್ಟು ಅದನ್ನೇ ಆಶ್ರಯಿಸುವುದು ಲೇಸು. ಆದ್ಯಕ್ಷರಗಳನ್ನು ಮಾತ್ರ ತಾವೇ ಬರೆದುಕೊಳ್ಳಬೇಕು.

ಎರಡನೆಯ ಎಡರು ಇದಕ್ಕಿಂತ ಆಳವಾದುದು, ಈ ವಿಷಯದ ಮರ್ಮವೂ ಅಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಕರ್ತೃವಿನ ಹೆಸರನ್ನು ವಾಕ್ಯದ ಕರ್ತೃಪದವಾಗಿಯೇ ಬಳಸಿ, ಇಸವಿಯನ್ನು ಕಂಸದಲ್ಲಿಟ್ಟು, ಕ್ರಿಯಾಪದವನ್ನು ಮುಂದುವರಿಸುವುದು ಸುಲಭ. ಹೆಸರಿಗೆ ಸಾಮಾನ್ಯವಾಗಿ ಪ್ರತ್ಯಯ ಹತ್ತುವುದಿಲ್ಲವಾದುದರಿಂದ ಹೆಸರು, ತೆರಪು, ಕಂಸ ಎಂಬ ಮೂರೂ ಬಹುಮಟ್ಟಿನ ವಾಕ್ಯಗಳಲ್ಲಿ ಹಾಗೆಯೇ ನಿಲ್ಲುತ್ತವೆ. ಒಂದೇ ಆಜ್ಞೆ ಮೂರನ್ನೂ ಅಚ್ಚು ಮಾಡಿಬಿಡುತ್ತದೆ. ಕನ್ನಡದಲ್ಲಿ ಹೆಸರು ವಿಭಕ್ತಿಯಿಲ್ಲದೆ ವಾಕ್ಯವನ್ನು ಪ್ರವೇಶಿಸಲಾರದು. ಆದುದರಿಂದ ಆ ಆಜ್ಞೆಯನ್ನು ಬಳಸಿದ ಪ್ರಬಂಧಗಳಲ್ಲಿ ‘ಕಿಟ್ಟೆಲ್ (೧೮೯೪) ಅವರ ಪ್ರಕಾರ’, ‘ಕಾರಂತ (೧೯೪೧) ರಲ್ಲಿ’ ಎಂಬಂತಹ ವಿಕಾರ ರೂಪಗಳು ಕಾಣುತ್ತವೆ. ಪ್ರತ್ಯಯ ತನ್ನ ಪ್ರಕೃತಿಯಿಂದ ಬೇರ್ಪಟ್ಟು, ಕಂಸದ ಆಚೆಯ ದಡದಲ್ಲಿ ಒಂಟಿಯಾಗಿ ನಿಂತಿರುತ್ತದೆ. ಓದುಗನ ಕಿವಿಗೆ ಇದು ಎಡವಿದಂತೆಯೇ ಕೇಳುತ್ತದೆ. ಇಂತಹ ವಾಕ್ಯಗಳು ಎಷ್ಟು ರೂಢಿಯಾಗಿವೆಯೆಂದರೆ ಯಂತ್ರದ ನೆರವಿಲ್ಲದೆ ಬರೆಯುವವರೂ ಇವನ್ನೇ ಶಾಸ್ತ್ರೀಯ ಶೈಲಿಯೆಂದು ಅನುಕರಿಸುತ್ತಿದ್ದಾರೆ, ನಷ್ಟವೆಂದರೆ ಇದೇ.

ಹಾಗಾದರೆ ಹೆಸರಿಗೂ ಇಸವಿಗೂ ನಡುವಣ ಆ ಸ್ಥಾನದಲ್ಲಿ ಕನ್ನಡ ಬಯಸುವುದು ಚಿಹ್ನೆಯನ್ನಲ್ಲ, ವಿಭಕ್ತಿಯನ್ನು. ‘ನೇಮ್‌ಇಯರ್‌ಡೆಲಿಮ್’ ಎಂಬ ಹೆಸರುಳ್ಳ ಸ್ಥಾನ ಸಿದ್ಧವಾಗಿಯೇ ಇರುವಾಗ ಅದರಲ್ಲಿ ಅಲ್ಪವಿರಾಮಕ್ಕೆ ಬದಲು ‘ಅವರು’ ಎಂಬುದನ್ನೇ ಇಡಬಹುದಲ್ಲವೆ ಎಂದು ಯಾರಿಗಾದರೂ ತೋಚೀತು; ವಾಕ್ಯದೊಳಗಿನ ಉಲ್ಲೇಖಕ್ಕೆ ಮಾತ್ರ ಅದನ್ನು ಮಿತಗೊಳಿಸಲೂ ಬರುತ್ತದೆ. ನ್ಯಾಟ್‌ಬಿಬ್‌ನಲ್ಲಿ ಇದು ಆಗದು, ಅಲ್ಲಿಯ ಐದನೆಯ ಸ್ಥಾನ ಕಂಸದೊಳಗಿನ ಉಲ್ಲೇಖಕ್ಕೇ ಮೀಸಲು. ಬಿಬ್‌ಲೇಟೆಕ್‌ನಲ್ಲಿ ಆಗುತ್ತದೆ, ಆದರೆ ಒಂದೆರಡು ಉಲ್ಲೇಖಗಳಲ್ಲಿಯೇ ಉಪಾಯ ಕುಂಟುತ್ತದೆ. ಬೇಂದ್ರೆ ಎಂಬುದರ ಮೇಲೆ ಯಕಾರ ಬಂದು ಬೇಂದ್ರೆಯವರು ಎಂದಾಗುತ್ತದೆ, ಪುಟ್ಟಪ್ಪ ಎಂಬುದರ ಮೇಲೆ ನಕಾರ ಬಂದು ಪುಟ್ಟಪ್ಪನವರು ಎಂದಾಗುತ್ತದೆ, ಕಾರಂತ ಎಂಬುದು ಕಾರಂತರು ಎಂದಷ್ಟೇ ಆಗುತ್ತದೆ. ಮುಂದಿನ ವಾಕ್ಯದಲ್ಲಿ ಪ್ರಥಮೆಗೆ ಬದಲು ಷಷ್ಠಿಯೋ ಚತುರ್ಥಿಯೋ ಬೇಕಾಗುತ್ತದೆ. ಚಿಹ್ನೆ ಎಲ್ಲ ಹೆಸರುಗಳಿಗೂ ಒಂದೇ. ಪ್ರತ್ಯಯ ಹೆಸರಿನ ಕೊನೆಯ ಸ್ವರವನ್ನೂ ವಾಕ್ಯದ ಅನ್ವಯವನ್ನೂ ಕೇಳಿ ಬದಲಾಗತಕ್ಕದ್ದು. ವಿರಾಮದ ವ್ಯಾಕರಣವನ್ನು ಕಲಿತ ಯಂತ್ರ ಸಂಧಿಯ ವ್ಯಾಕರಣವನ್ನು ಕಲಿತಿಲ್ಲ.

ಆದುದರಿಂದ ಸದ್ಯದ ಸರಿಯಾದ ಮಾರ್ಗವೆಂದರೆ ಒಂದು ಆಜ್ಞೆಯನ್ನು ಎರಡಾಗಿ ಒಡೆಯುವುದು. ಹೆಸರನ್ನು ಮಾತ್ರ ಅಚ್ಚು ಮಾಡುವ ಆಜ್ಞೆ ಎರಡು ಪರಿಕರಗಳಲ್ಲಿಯೂ ಇದೆ; ಅದರ ಬೆನ್ನಿಗೆ, ತೆರಪಿಲ್ಲದೆ, ಲೇಖಕನು ತನ್ನ ಕೈಯಿಂದ ಪ್ರತ್ಯಯವನ್ನು ಸಂಧಿಸಹಿತ ಬರೆಯಬೇಕು; ಬಳಿಕ ಇಸವಿಯನ್ನು ಕಂಸದಲ್ಲಿಡುವ ಆಜ್ಞೆಯನ್ನು ಪ್ರಯೋಗಿಸಬೇಕು. ‘ಕಾರಂತರು (೧೯೪೧)’ ಎಂದು ಶುದ್ಧವಾಗಿ ಅಚ್ಚಾಗುತ್ತದೆ. ಬೆರಳುಗಳಿಗೆ ಕೆಲಸ ಹೆಚ್ಚುತ್ತದೆ, ನಿಜ. ಅಷ್ಟನ್ನು ಉಳಿಸಲೆಂದು ವಾಕ್ಯದ ನಡುವನ್ನು ಮುರಿಯುವುದು ದುಬಾರಿ ಉಳಿತಾಯ.

ಇಬ್ಬರು ಕರ್ತೃಗಳ ನಡುವಣ ಸಂಬಂಧವೂ ಇದೇ ಜಾತಿಯದು. ಕಡತದಲ್ಲಿ ಎರಡು ಹೆಸರುಗಳನ್ನು ಇಂಗ್ಲಿಷಿನ ‘ಆ್ಯಂಡ್’ ಎಂಬ ಪದದಿಂದಲೇ ಜೋಡಿಸಬೇಕೆಂಬುದು ಬಿಬ್‌ಟೆಕ್ ಕಾಲದಿಂದ ಬಂದ ಕಟ್ಟಳೆ. ಅದು ಅಚ್ಚಿನಲ್ಲಿ ಕಾಣದುದರಿಂದ ಆಕ್ಷೇಪಿಸಬೇಕಾಗಿಲ್ಲ. ಅಚ್ಚಿನಲ್ಲಿ ಅದು ‘ಮತ್ತು’ ಎಂದಾಗುವಂತೆ ಮಾಡುವುದೂ ಸುಲಭ. ಸೂಚಿಯ ಪಟ್ಟಿಯಲ್ಲಿ ‘ಮತ್ತು’ ಒಪ್ಪುತ್ತದೆ. ವಾಕ್ಯದೊಳಗೆ ಹಳಬರ ಗದ್ಯ ಬಯಸುವುದು ಎರಡು ಹೆಸರುಗಳ ಮೇಲೂ ಕೂರುವ ಊಕಾರವನ್ನು. ಅಲ್ಲಿಯೂ ಕೈಬರಹವೇ ಗತಿ. ಪುಟಸಂಖ್ಯೆಯ ವಿಷಯ ಚಿಕ್ಕದು: ಅಂಕಿಯನ್ನು ಕಂಡೊಡನೆ ‘ಪು.’ ಎಂಬ ಸಂಕ್ಷೇಪವನ್ನು ತಾನೇ ಸೇರಿಸುವ ಬಿಬ್‌ಲೇಟೆಕ್‌ನ ಪರೀಕ್ಷೆ ಅರಬ್ಬೀ ರೋಮನ್ ಅಂಕಿಗಳಿಗೆಂದು ಏರ್ಪಟ್ಟದ್ದು. ಬೇರೆ ಲಿಪಿಚಿಹ್ನೆಗಳನ್ನು ಅಂಕಿಗಳೆಂದು ಸಾರುವ ಆಜ್ಞೆಯೂ ಅದರಲ್ಲಿಯೇ ಇರುವುದರಿಂದ ಕನ್ನಡ ಅಂಕಿಗಳನ್ನು ಬಳಸುವವರು ಮೊದಲಿಗೇ ಅದನ್ನು ನೋಡಿಕೊಳ್ಳಬೇಕು.

ಕನ್ನಡ ವಿದ್ವತ್ತಿನಲ್ಲಿ ಉಲ್ಲೇಖದ ಶಿಸ್ತು ಈ ಉಪಕರಣಗಳಿಗಿಂತ ಬಹು ಹಿಂದಿನದೆಂಬುದನ್ನು ಮರೆಯಲಾಗದು. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಪ್ರಯೋಗಗಳ ಆಕರಗಳನ್ನು ಸಂಕ್ಷೇಪಗಳಿಂದಲೇ ಸೂಚಿಸಿತು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಶಾಸನಗಳಿಗೆ ತಾಲ್ಲೂಕು ಮತ್ತು ಸಂಖ್ಯೆಯ ಗುರುತನ್ನು ಕೊಟ್ಟಿತು. ಅಲ್ಲಿ ಕರ್ತೃವಿಲ್ಲ, ಸಂಪುಟದ ಇಸವಿಯೂ ಶಾಸನದ ಕಾಲವಲ್ಲ. ತಾಳಗುಂದದ ಕಂಬದ ಶಾಸನವನ್ನು ರೈಸ್ ಅವರ ಹೆಸರಿನಿಂದಲೂ ೧೯೦೨ ಎಂಬ ಇಸವಿಯಿಂದಲೂ ಉಲ್ಲೇಖಿಸುವ ಪ್ರಬಂಧ ಕದಂಬರ ಕಾಲದ ಲೇಖವನ್ನು ಅದರ ಸಂಪಾದಕರ ಬರಹವೆಂಬಂತೆ ಕಾಣಿಸುತ್ತದೆ. ಬಿಬ್‌ಲೇಟೆಕ್ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಶಾಸನವೆಂಬ ಹೊಸ ಜಾತಿಯ ನಮೂದನ್ನು ಕಲ್ಪಿಸಿಕೊಂಡು, ಸಂಪುಟದ ಸಂಖ್ಯೆಯ ಮೇಲೆ ಅಲ್ಪವಿರಾಮವನ್ನೂ ತಾಲ್ಲೂಕಿಗೂ ಸಂಖ್ಯೆಗೂ ನಡುವೆ ಬರಿಯ ತೆರಪನ್ನೂ ನಿಯಮಿಸಿದರೆ ಉಲ್ಲೇಖ ‘ಎ. ಕ. ೭, ಶಿಕಾರಿಪುರ ೧೭೬’ ಎಂದು, ಶಾಸನಶಾಸ್ತ್ರಜ್ಞರು ಓದಿ ಬಲ್ಲ ರೂಪದಲ್ಲಿಯೇ ಅಚ್ಚಾಗುತ್ತದೆ. ಆ ನಾಲ್ಕಾರು ಸಾಲುಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರತ್ಯೇಕವಾಗಿ ಬರೆದುಕೊಳ್ಳುವುದಕ್ಕಿಂತ, ಕನ್ನಡ ಅಧ್ಯಯನ ನಡೆಯುವ ಯಾವುದಾದರೊಂದು ಪೀಠ ಒಮ್ಮೆ ಬರೆಸಿ, ಆದ್ಯಕ್ಷರಗಳ ಬಿಂದುವನ್ನೂ ಸೂಚಿಯ ‘ಮತ್ತು’ವನ್ನೂ ಅದರೊಂದಿಗೆ ಗೊತ್ತುಮಾಡಿ, ತನ್ನ ಪ್ರಬಂಧನಿಯಮಗಳ ಜೊತೆಗೆ ಎಲ್ಲರಿಗೂ ಹಂಚಬಹುದಾಗಿದೆ.